ಕನಕಮ್ಮ ಒಬ್ಬರೇ ಒಮ್ಮತದಿಂದ ಒಪ್ಪಿದ ಬೇಲಿ

ಬೇಲಿ ಮಂಜೂರು ಮಾಡಿದ ಮಾನ್ಯ ಅಧಿಕಾರಿಗಳೇ,

ಕೆ.ಜಿ.ಎಫ್.ನ ಮೈಸೂರು ಮೈನ್ಸಿನಲ್ಲಿ ನಮ್ಮ ಲೈನಿನ, ಅಂದರೆ ಕಾರ್ಮಿಕರ ಮನೆಸಾಲಿನ, ಕೊನೆಗಿರುವ ಬಯಲಿಗೆ ಕಬ್ಬಿಣದ ಬೇಲಿ ಹಾಕಿ, ಒಳಗೆ ಹುಲ್ಲು ಬೆಳೆಸಿ, ಗೇಟಿಗೆ ಬೀಗ ಜಡಿಯುವ ತಮ್ಮ ನಿರ್ಧಾರದ ವಿರುದ್ಧ ಬರೆಯುತ್ತಿದ್ದೇನೆ. ‘ಸಾರ್ವಜನಿಕ ಸಭೆಯಲ್ಲಿ ಒಮ್ಮತದಿಂದ ಅಂಗೀಕರಿಸಲಾಗಿದೆ’ ಎಂದು ತಾವು ನೆಡಿಸಿದ ಬೋರ್ಡು ಹೇಳುತ್ತದೆ. ಆಹಾ, ಎಂಥ ಒಮ್ಮತ! ಆ ಸಭೆಗೆ ಬಂದಿದ್ದ ಸಾರ್ವಜನಿಕರು ಒಬ್ಬರೇ, ನಮ್ಮ ಪಕ್ಕದ ಮನೆಯ ಕನಕಮ್ಮ. ಭಿನ್ನಮತ ಬೇಕೆಂದಿದ್ದರೆ ಪಾಪ ಆಕೆ ತನ್ನೊಂದಿಗೆ ತಾನೇ ಜಗಳವಾಡಬೇಕಿತ್ತೇ?

ತಾವು ಸಭೆ ಕರೆದದ್ದು ಬುಧವಾರ ಹನ್ನೊಂದು ಗಂಟೆಗೆ. ಸ್ವಾಮೀ, ಇಲ್ಲಿ ಚಿನ್ನದ ಗಣಿ ಮುಚ್ಚಿ ಯಾವ ಕಾಲವಾಯಿತು. ಕೈಕಾಲು ಗಟ್ಟಿ ಇರುವವರೆಲ್ಲ ಈಗ ಬೆಳಕು ಹರಿಯುವ ಮುನ್ನವೇ ಮಾರಿಕುಪ್ಪಂನಲ್ಲಿ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತೇವೆ, ಕತ್ತಲಾದ ಮೇಲೆ ಬರುತ್ತೇವೆ. ನಾನು ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುವವಳು. ಹನ್ನೊಂದು ಗಂಟೆಗೆ ನಮ್ಮ ಲೈನಿನಲ್ಲಿ ಸಿಗುವುದು ಮುದುಕರು ಮತ್ತು ಮೇಕೆಗಳು. ಮೇಕೆಗಳೂ ಸಭೆಯ ಹತ್ತಿರ ಸುಳಿದಿದ್ದವಂತೆ. ಅವುಗಳ ಅಭಿಪ್ರಾಯ ಏಕೆ ಕೇಳಲಿಲ್ಲ?

ಕನಕಮ್ಮನಿಗೆ ಬಯಲಿನಲ್ಲಿ ಒಣಹಾಕಿದ ಸಂಡಿಗೆಯನ್ನು ಮೇಕೆ ತಿನ್ನುತ್ತದೆಂದು ಎಷ್ಟೋ ವರ್ಷಗಳ ಸಂಕಟ. ತಮ್ಮ ಸಿಬ್ಬಂದಿ ಟೀ ಬಿಸ್ಕತ್ತು ಕೊಟ್ಟು, ಬೇಲಿ ಬೇಕಾ ಅಜ್ಜಿ ಎಂದು ಕೇಳಿದರಂತೆ. ಆಮೇಲೆ ಆಕೆ ನನ್ನ ಮುಂದೆ ಹೇಳಿಕೊಂಡದ್ದು ಇಷ್ಟು:

“ಬೇಲಿ ಆಕಿದ್ರೆ ಮೇಕೆ ಬರಲ್ಲ ಅಂದ್ರು, ಒಳ್ಳೇದೇ ಅಲ್ವಾ ಅಂದೆ. ನಮ್ಮನ್ನೂ ಒಳಗ್ ಬುಡಲ್ಲ ಅಂತ ಯಾರೂ ಏಳ್ಲಿಲ್ವಲ್ಲ ಇಂದ್ರಾ.”

ಈಗ ಲೈನಿನವರಿಗೆ ಮುಖ ತೋರಿಸಲು ನಾಚಿಕೊಂಡು ಬಾಗಿಲು ಮುಂದಕ್ಕೆಳೆದು ಕೂತಿದ್ದಾರೆ. ಆಕೆಯ ಮೇಲೆ ನನಗೆ ಕೋಪವಿಲ್ಲ. ತಮ್ಮ ಮೇಲಿದೆ, ಬೇಕಾದಷ್ಟಿದೆ.

ವಿಚಾರಿಸಲು ತಮ್ಮ ಕಚೇರಿಗೆ ಬಂದ ಎದುರುಮನೆ ಸೆಲ್ವರಾಜ್‌ಗೆ ತಾವು, ಸಾರ್ವಜನಿಕರಿಗೇ ಆಸಕ್ತಿ ಇಲ್ಲವಲ್ಲಪ್ಪ ಎಂದಿರಂತೆ. ನಮ್ಮ ಸಭೆ ದಿನಾ ನಡೆಯುತ್ತದೆ ಸ್ವಾಮೀ, ರೈಲಿನಲ್ಲಿ! ಅಕ್ಕಪಕ್ಕದವರೆಲ್ಲ ಒಟ್ಟಿಗೆ ಕೈಗೆ ಸಿಗುವುದು ಅಲ್ಲೊಂದೇ ಕಡೆ. ಗಾರೆ ಕೆಲಸದ ಇದೇ ಸೆಲ್ವರಾಜ್ ಬೋಗಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬಯಲು ಹೇಗಿರಬೇಕೆಂದು ನಕ್ಷೆ ಬರೆದರು. ನಾವೆಲ್ಲ ಕಾಲು ಮೇಲೆತ್ತಿಕೊಂಡು ನೋಡಿದೆವು. ಬೇವಿನ ಮರದ ಸುತ್ತ ಕಟ್ಟೆ, ಶೀಟಿನ ಚಪ್ಪರ, ಒಂದು ದೀಪ, ಒಂದು ನಲ್ಲಿ. ಆ ನಲ್ಲಿ ಯಾರ ಮನೆ ಕಡೆಗಿರಬೇಕೆಂದು ಬಂಗಾರಪೇಟೆಯಲ್ಲಿ ಶುರುವಾದ ಜಗಳ ಮಾಲೂರು ದಾಟಿದರೂ ಮುಗಿಯಲಿಲ್ಲ. ಟೇಕಲ್ಲಿನಲ್ಲಿ ಹತ್ತಿದವರೊಬ್ಬರು, ನಮ್ಮೂರಿನವರೇ ಅಲ್ಲ, ಅವರೂ ಬಾಯಿ ಹಾಕಿದರು. ಇನ್ನೆಷ್ಟು ಆಸಕ್ತಿ ಬೇಕು ತಮಗೆ?

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಚಿನ್ನವೆಲ್ಲ ಹೋದ ಊರಲ್ಲಿ ಬೀಗ ಹಾಕಿ ಕಾಯಲು ತಮಗೆ ಸಿಕ್ಕಿದ್ದು ಹುಲ್ಲು!

ನಮ್ಮ ಮನೆಗಳನ್ನು ತಾವು ನೋಡಿರಲಾರಿರಿ. ಗಣಿ ಕೆಲಸದವರಿಗೆಂದು ಕಟ್ಟಿದ ಒಂದೇ ಕೋಣೆಯ ಮನೆಗಳು; ನಾಲ್ಕು ಜನ ಬಂದರೆ ಐದನೆಯವರು ಬೀದಿಯಲ್ಲಿ. ನಮ್ಮ ನಾಮಕರಣ, ಸೀಮಂತ, ಜಗಳ, ರಾಜಿ ಎಲ್ಲವೂ ಆ ಬಯಲಿನಲ್ಲೇ. ಹೋದ ವರ್ಷ ನಮ್ಮ ಮಾವ ಪೆರುಮಾಳ್ ತೀರಿಕೊಂಡಾಗ ಅವರನ್ನು ಮಲಗಿಸಿದ್ದೂ ಆ ಬೇವಿನ ಮರದಡಿಯಲ್ಲೇ. ಯಾರನ್ನೂ ಕರೆದಿರಲಿಲ್ಲ. ಲೈನಿಗೆ ಲೈನೇ ಕೂಲಿ ಬಿಟ್ಟು ಬಂದು, ಮಣ್ಣಿಗೆ ಒಯ್ಯುವವರೆಗೂ ನಮ್ಮ ಜೊತೆ ಕೂತಿತ್ತು. ಅವರಿಲ್ಲದಿದ್ದರೆ ಆ ದಿನ ನನ್ನ ಎದೆ ಒಡೆದುಹೋಗುತ್ತಿತ್ತು.

ಆದ್ದರಿಂದ ಬೇಲಿಯ ಆದೇಶ ಹಿಂಪಡೆಯಿರಿ. ಭಾನುವಾರ ಸಭೆ ಕರೆಯಿರಿ, ಇಲ್ಲವೇ ನಮ್ಮ ರೈಲಿಗೇ ಬನ್ನಿ, ಒತ್ತರಿಸಿಕೊಂಡು ಜಾಗ ಕೊಡುತ್ತೇವೆ. ಇದ್ಯಾವುದೂ ಆಗದೆಂದರೆ ಒಂದು ಉಪಕಾರವನ್ನಾದರೂ ಮಾಡಿ. ಗೇಟು ಹತ್ತರಿಂದ ಐದರವರೆಗೆ ತೆರೆದಿರುತ್ತದೆ, ಭಾನುವಾರ ರಜೆ ಎಂದು ಬೋರ್ಡಿನಲ್ಲಿದೆ. ನಮ್ಮವರು ಕಚೇರಿಯ ವೇಳೆ ನೋಡಿಕೊಂಡು ಸಾಯುವವರಲ್ಲ. ಬೀಗದ ಕೈ ಯಾರ ಮನೆಯಲ್ಲಿರುತ್ತದೆ, ಹೆಣ ಇಟ್ಟುಕೊಂಡು ನಾವು ಯಾರ ಬಾಗಿಲು ತಟ್ಟಬೇಕು, ಅದನ್ನೂ ಕೆಳಗೆ ಬರೆಸಿಬಿಡಿ.

ಇಂತಿ,
ಆಸಕ್ತಿಯಿಲ್ಲದ ಸಾರ್ವಜನಿಕರಲ್ಲಿ ಒಬ್ಬಳಾದ
ಇಂದ್ರಾಣಿ
ಮೈಸೂರು ಮೈನ್ಸ್, ಕೆ.ಜಿ.ಎಫ್.