ಮೊದಲ ಮೊಳೆಯ ಘಾಸಣಿ

ಸದಲಗಾ
ಶ್ರಾವಣ, 1996

ಪ್ರೀತಿಯ ಶೇವಂತಕ್ಕಾ,

ಜೈ ಜಿನೇಂದ್ರ. ನಮ್ಮ ಯಜಮಾನರು, ನಿನ್ನ ಮೈದುನ, ಈ ಕಾಗದವನ್ನು ದಿಗ್ಗೇವಾಡಿಗೆ ತಂದು ನಿನ್ನ ಕೈಗೇ ಕೊಡುತ್ತಾರೆ. ಅಣ್ಣಾಸಾಬ ಭಾವನವರ ಕೈಗೂ ಕೊಡಬೇಡಿ ಎಂದು ತಾಕೀತು ಮಾಡಿದ್ದೇನೆ. ಒಲೆಯ ಮೇಲೆ ಏನಾದರೂ ಇದ್ದರೆ ಇಳಿಸಿಟ್ಟು ಬಂದು ಓದು.

ಒಂಬತ್ತು ವರ್ಷದ ಹಿಂದೆ ನಮ್ಮ ಮನೆಯಿಂದ ಅರ್ಧ ಊಟ ಬಿಟ್ಟು ಹೋದ ಮುನಿ ಮಹಾರಾಜರು ಈ ಸಲದ ಚಾತುರ್ಮಾಸಕ್ಕೆ ಮತ್ತೆ ಊರಿಗೆ ಬಂದಿದ್ದಾರೆ. ಬರುವ ಐತವಾರ ಅವರ ಆಹಾರಕ್ಕೆ ನಮ್ಮಲ್ಲಿ ಮಡಿ ಅಡುಗೆಯ ಚೌಕ ಹಾಕಬೇಕು, ಬಡಿಸಲು ಸುಗಂಧಾನೇ ನಿಲ್ಲಬೇಕು ಎಂದು ಅತ್ತೆ ಹೇಳಿದರು. ಅದನ್ನು ಹೇಗೆ ತಪ್ಪಿಸಿಕೊಳ್ಳಲಿ ಎಂದೇ ಅಂದಿನಿಂದ ಯೋಚಿಸುತ್ತಿದ್ದೆ. ಯಾಕೆ ಅಂತ ನಿನಗೆ ಗೊತ್ತು. ಗೊತ್ತಿದೆ ಅನ್ನುವುದು ನನಗೂ ಗೊತ್ತು. ಇಷ್ಟು ವರ್ಷ ನಾವಿಬ್ಬರೂ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೇವೆ, ಅಷ್ಟೇ.

ನಾನು ಈ ಮನೆಗೆ ಬಂದಾಗ ಹೊಸ ಸ್ಟೀಲಿನ ಸಿಂಕು ಹಾಕಿಸಿ ಒಂದು ತಿಂಗಳಾಗಿತ್ತು. ಅದರ ಮೇಲಿನ ಗೋಡೆಗೆ ನೀನೇ ಮೂರು ಮೊಳೆ ಹೊಡೆದಿದ್ದೆ. ಮೊದಲನೆಯದರಲ್ಲಿ ಬಿಳಿ ದಾರ ಕಟ್ಟಿದ ತೆಂಗಿನ ನಾರಿನ ಘಾಸಣಿ, ಚೌಕದ ಪಾತ್ರೆ ತಿಕ್ಕಲು ಮಾತ್ರ. ಎರಡನೆಯದರಲ್ಲಿ ಕೆಂಪು ದಾರದ್ದು, ದಿನದ ಪಾತ್ರೆಗೆ. ಮೂರನೆಯದರಲ್ಲಿ ಮಸಿ ತಿಕ್ಕುವ ತಂತಿಯದು. ನಿಪ್ಪಾಣಿಯಿಂದ ತಂದ ಹಳದಿ ಸ್ಪಂಜಿಗೆ ತೂತು ಹೊಡೆದ ಡಬ್ಬಿ. ಹೊತ್ತು ಮುಳುಗುವುದರೊಳಗೆ ನೀನು ಎಲ್ಲವನ್ನೂ ಹಿಂಡಿ, ಝಾಡಿಸಿ, ನೀರಿಳಿಯುವ ಹಾಗೆ ತೂಗುಹಾಕುತ್ತಿದ್ದೆ. "ನೀರ ನಿಂತಲ್ಲೆ ಜೀವ ಹುಟ್ಟತಾವ ಸುಗಂಧಾ. ಮರುದಿನಾ ಅವನ್ನ ತಿಕ್ಕಿ ಕೊಲ್ಲವರು ನಾವ ಅಲ್ಲೇನ?" ಅನ್ನುತ್ತಿದ್ದೆ. ನನಗೋ ನಗು. "ಘಾಸಣಿಗೂ ಹಾಜರಿ ತಗೋತೀಯೇನಕ್ಕಾ?" ಅಂದಿದ್ದೆ. "ಹೌದು, ಒಂದರೆ ತಪ್ಪಿದ ಜಾಗಾದಾಗ ಕಂಡ್ರ ನಿನಗ ಬೈತೀನಿ" ಅಂದಿದ್ದೆ ನೀನು.

ಆದರೆ ನೀನು ಬೈಯಲಿಲ್ಲ.

ಆ ದಿನ ಬೆಳಿಗ್ಗೆ ಹಾಲಿನ ತಂಬಿಗೆಯ ತಳ ಹಿಡಿದಿತ್ತು. ಬಾವಿಯಿಂದ ನೀರು ಸೇದಿ ಸೋಸಲು ನೀನು ಹಿತ್ತಲಿಗೆ ಹೋಗಿದ್ದೆ. ಮಹಾರಾಜರು ಬಸದಿಯಿಂದ ಹೊರಟರು ಎಂದು ಓಣಿಯಲ್ಲಿ ಗದ್ದಲವಾಯಿತು. ಬಿಳಿ ದಾರದ ಹೊಸ ನಾರು ಮೆತ್ತಗಿತ್ತು, ಎಷ್ಟು ತಿಕ್ಕಿದರೂ ಕಲೆ ಹೋಗಲಿಲ್ಲ. ಅವಸರಕ್ಕೆ ಎರಡನೇ ಮೊಳೆಯ ಹಳೆಯ ನಾರು ತೆಗೆದೆ. ಮಸಿ ಕುಡಿದು ಕಪ್ಪಾಗಿ, ಎಳೆ ಎಳೆ ಉದುರುತ್ತಿದ್ದ ಅದರಿಂದಲೇ ತಂಬಿಗೆ ತಿಕ್ಕಿದೆ. ತಿಕ್ಕಿ, ಕೈಗೆ ಸಿಕ್ಕ ಮೊದಲ ಮೊಳೆಗೇ ಸಿಕ್ಕಿಸಿ ಬಾಗಿಲಿಗೆ ಓಡಿದೆ.

ಆಮೇಲಿನದು ನಿನಗೆ ಮರೆತಿರಲಿಕ್ಕಿಲ್ಲ. ಮಹಾರಾಜರು ನಿಂತು ಅಂಗೈ ಜೋಡಿಸಿದ್ದರು. ನೀನು ಅದೇ ತಂಬಿಗೆಯಿಂದ ಹಾಲು ಎರೆಯುತ್ತಿದ್ದೆ. ಮೂರನೇ ಗುಟುಕಿಗೆ ಅವರು ಅಂಗೈಯನ್ನೇ ನೋಡಿದರು. ಕೈ ಬಿಚ್ಚಿದರು. ಹಾಲೆಲ್ಲ ಕೆಳಗಿನ ತಾಟಿಗೆ ಬಿತ್ತು. ಹಾಲಿನಲ್ಲಿ ಒಂದು ಕಪ್ಪು ಎಳೆ. ಊಟದಲ್ಲಿ ಕೂದಲು ಕಂಡರೆ ಅಂತರಾಯ. ಮರುದಿನದ ತನಕ ಅವರಿಗೆ ಅನ್ನವಿಲ್ಲ, ಹನಿ ನೀರೂ ಇಲ್ಲ. ಎಪ್ಪತ್ತು ದಾಟಿದ ಜೀವ, ಕಮಂಡಲ ಎತ್ತಿಕೊಂಡು ನಡೆದುಬಿಟ್ಟರು. ಇಡೀ ಓಣಿ ನಮ್ಮ ಅಂಗಳದಲ್ಲಿ ನಿಂತು ನೋಡುತ್ತಿತ್ತು.

"ನಿನ್ನ ಕೂದಲಾ ಅದು!" ಅತ್ತೆ ನಿನ್ನ ಕಡೆ ತಿರುಗಿದ್ದರು. "ಮೊಣಕಾಲತನಕಾ ಬೆಳೆಸೀದಿ, ಬಿಗಿದು ಕಟ್ಟಾಕ ಬರೂದಿಲ್ಲ?"

ತಾಟು ತೊಳೆಯಲು ಒಯ್ದವಳು ನಾನು. ಆ ಎಳೆಯನ್ನು ಬೆರಳಲ್ಲಿ ಹಿಡಿದು ಬಗ್ಗಿಸಿದೆ. ಕೂದಲಾಗಿದ್ದರೆ ಬಾಗುತ್ತಿತ್ತು. ಅದು ಪಟ್ಟನೆ ಮುರಿಯಿತು. ಒಲೆಗೆ ಹಾಕಿಬಿಟ್ಟೆ ಅಕ್ಕಾ. ನನ್ನ ಮದುವೆಯಾಗಿ ಮೂರೇ ತಿಂಗಳು. ಹಿಂದಿನ ವಾರವಷ್ಟೇ ಅತ್ತೆ, "ಇನ್ನೊಂದ್ಸಲಾ ಕೈ ತಪ್ಪೀತಂದ್ರ ನಿನ್ನ ತವರಮನಿ ಜುಗೂಳಕ್ಕ ಬಿಟ್ಟ ಬರ್ತೀನಿ" ಅಂದಿದ್ದರು. ಅಪ್ಪನ ಮುಖ ಕಣ್ಣ ಮುಂದೆ ಬಂತು.

ಸಿಂಕಿನ ನೆನಪಾದದ್ದು ಮಧ್ಯಾಹ್ನ. ಕೆಂಪು ದಾರದ ಘಾಸಣಿ ಇನ್ನೂ ಮೊದಲ ಮೊಳೆಯಲ್ಲಿದೆ, ಅತ್ತೆ ಕಂಡರೆ ಮುಗಿಯಿತು ಎಂದು ಓಡಿದೆ. ಅದು ಅಲ್ಲಿರಲಿಲ್ಲ. ಎರಡನೇ ಮೊಳೆಯಲ್ಲಿ, ಹಿಂಡಿ ಝಾಡಿಸಿ, ತನ್ನ ಜಾಗದಲ್ಲಿ ತೂಗುತ್ತಿತ್ತು. ಮೊದಲ ಮೊಳೆಯಲ್ಲಿ ಬಿಳಿ ದಾರದ್ದೊಂದೇ. ಹಾಗೆ ಇಡುವ ಕೈ ಈ ಮನೆಯಲ್ಲಿ ಒಂದೇ ಇತ್ತು. ಆ ಹೊತ್ತಿಗೆ ನೀನು ಬಸದಿಯಲ್ಲಿದ್ದೆ. ಮಹಾರಾಜರಿಗೆ ನಮ್ಮ ಮನೆಯಲ್ಲಿ ವಿಘ್ನವಿಲ್ಲದೆ ಆಹಾರ ಆಗುವ ತನಕ ಹಾಲು ಮುಟ್ಟುವುದಿಲ್ಲ ಎಂದು ಅವರ ಮುಂದೆಯೇ ನಿಯಮ ಹಿಡಿಯುತ್ತಿದ್ದೆ. ತಪ್ಪು ಯಾರದು ಎಂದು ಗೊತ್ತಿದ್ದೂ ಹಿಡಿದೆ.

ಅಂದಿನಿಂದ ನಿನಗೆ ಕರಿ ಚಹಾ. ಹೊಲ ಪಾಲಾಗಿ ನೀವು ದಿಗ್ಗೇವಾಡಿಗೆ ಹೋದ ಮೇಲೂ ಅದೇ. ಪ್ರತಿ ದೀಪಾವಳಿಗೆ ಬಂದು ನನ್ನ ಮಕ್ಕಳಿಗೆ ಹಾಲು ಆರಿಸಿ ಕುಡಿಸುತ್ತೀ, ಲೋಟದಂಚಿನ ಹನಿಯನ್ನೂ ಸೆರಗಿಗೆ ಒರೆಸಿಕೊಳ್ಳುತ್ತೀ. ಚೌಕದ ಹೊಸ್ತಿಲನ್ನಂತೂ ಮತ್ತೆ ತುಳಿಯಲೇ ಇಲ್ಲ. ಅದನ್ನೆಲ್ಲ ನೋಡಿ ನನಗೆ ಅಳು ಬರಬೇಕಿತ್ತು. ನಿಜ ಹೇಳಲಾ? ಸಿಟ್ಟು ಬರುತ್ತಿತ್ತು. ಒಂದು ಸಲ ಕೂದಲು ಹಿಡಿದೆಳೆದು "ನೀನ ಮಾಡೀದಿ" ಅಂದಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ. ನಿನ್ನ ಒಳ್ಳೆಯತನದ ಕೆಳಗೆ ನಾನು ಉಸಿರಾಡಲಾರದೆ ಒದ್ದಾಡಿದೆ. ನನ್ನ ಹೇಡಿತನಕ್ಕೆ ನಿನ್ನ ಮೇಲೆ ಸಿಟ್ಟು ಮಾಡಿಕೊಂಡೆ ನೋಡು, ಎಂಥವಳಿರಬೇಕು ನಾನು.

ಇವತ್ತು ಬೆಳಿಗ್ಗೆ ಅತ್ತೆಗೆ ಎಲ್ಲ ಹೇಳಿಬಿಟ್ಟೆ. ಹೇಳುವಾಗ ಸಿಂಕಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಅವರು ಕೂಗಾಡಲಿಲ್ಲ. ಚಾಳೀಸು ಹಾಕಿಕೊಂಡು ಬಂದು ಮೂರೂ ಮೊಳೆಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅಂದರು: "ಒಂಬತ್ತ ವರ್ಷಾ ಆಕಿ ಹಾಲು ಮುಟ್ಟಲಿಲ್ಲ. ನೀ ದಿನಾ ಕುಡದಿ. ನಾ ಊರ ಮುಂದ ಆಕೀ ಮಾನಾ ತಗದೆ." ಚಾಳೀಸು ತೆಗೆದು ಒರೆಸಿಕೊಂಡು ಮತ್ತೆ, "ಐತವಾರ ಚೌಕದಾಗ ನೀ ಕಾಲ ಇಡಬ್ಯಾಡ. ಆಕಿ ನಿಂದರಲಿ. ಆಕಿ ಬರಲಿಲ್ಲಂದ್ರ ಈ ಮನ್ಯಾಗ ಚೌಕಾನ ಬ್ಯಾಡ." ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತವರು ಇನ್ನೂ ಒಳಗೆ ಬಂದಿಲ್ಲ. ಅವರು ಅತ್ತದ್ದನ್ನು ನಾನು ಮೊದಲ ಸಲ ನೋಡಿದೆ.

ಬಾ ಅಕ್ಕಾ. ನನಗಾಗಿ ಬೇಡ, ಕೇಳುವ ಮುಖ ನನಗಿಲ್ಲ. ಚೌಕ ಹಾಕಿದ ಇಷ್ಟೊಂದು ಮನೆಗಳಲ್ಲಿ ಮಹಾರಾಜರು ನಮ್ಮ ಬಾಗಿಲಲ್ಲೇ ನಿಲ್ಲುತ್ತಾರೆಂದು ಯಾರೂ ಹೇಳಲಾರರು. ನಿಂತರೆ ಹಾಲಿನ ತಂಬಿಗೆ ನಿನ್ನ ಕೈಯಲ್ಲಿರಬೇಕು. ನಾನು ಸಿಂಕಿನ ಮುಂದೆ ಇರುತ್ತೇನೆ. ಇವತ್ತು ನಾಲ್ಕು ಸಲ ನಾರು ಕಟ್ಟಿ ನಾಲ್ಕು ಸಲ ಬಿಚ್ಚಿದೆ, ಪ್ರತಿ ಸಲವೂ ಒಂದು ಎಳೆ ಉದುರುತ್ತದೆ. ನಿನ್ನ ಗಂಟು ನನಗೆ ಬರುವುದಿಲ್ಲ. ಶನಿವಾರವೇ ಬಾ. ಮೊದಲ ಮೊಳೆ ಖಾಲಿ ಬಿಟ್ಟಿದ್ದೇನೆ. ಬಂದು ಕಟ್ಟು, ಕಟ್ಟುತ್ತ ನನ್ನನ್ನು ಬೈಯಿ. ಒಂಬತ್ತು ವರ್ಷದ ಬಾಕಿ ಇದೆ.

ನಿನ್ನ ಕೈ, ನಿನ್ನ ತಲೆಗೂದಲು, ನಿನ್ನ ಮನೆ ತಣ್ಣಗಿರಲಿ. ದಾರಿ ಕಾಯುತ್ತ,

ನಿನ್ನ ತಪ್ಪಿತಸ್ಥ ತಂಗಿ,
ಸುಗಂಧಾ