ಗಂಟಿಲ್ಲದ ಉಡುಪು

ಜೂನ್ ೩, ಸಂಜೆ

ವೃದ್ಧಾಶ್ರಮದ ಕೆಲಸ ಅಂದರೆ ಇಷ್ಟೇ, ಹಾಸಿಗೆ ಬಟ್ಟೆ, ಡೈಪರ್, ಮತ್ತೆ ಹಾಸಿಗೆ ಬಟ್ಟೆ. ಕೈ ತೊಳೆದು ತೊಳೆದು ಗೆಣ್ಣಿನ ಮೇಲೆ ಚರ್ಮ ಬಿರಿದಿದೆ. ಮಧ್ಯಾಹ್ನ ಜೊಮ್ರೇ ಅಜ್ಜಿಗೆ ಸ್ನಾನ ಮಾಡಿಸುವಾಗ ಬೆರಳ ಸಂದಿಗಳಲ್ಲಿ ಕೆಂಪು ಗುಳ್ಳೆ ಕಂಡವು. ಅದೇ ಕೋಣೆಯ ಮಾಲ್ಸುನ್ ಅಜ್ಜಿಗೆ ಹೊಟ್ಟೆಯ ಮೇಲೆ. ಪ್ಯೋ ನರ್ಸ್ ಭೂತಗನ್ನಡಿ ಹಿಡಿದು ನೋಡಿದರು. ಹುಳುಕಜ್ಜಿ.

ಒಳಗೆ ಬರಬೇಡಿ ಎಂದು ಬಾಗಿಲಿಗೆ ಬೋರ್ಡು ಬಿತ್ತು. ಜೊಮ್ರೇ ಅಜ್ಜಿಯ ಮಗ ಭಾನುವಾರ ಬರುತ್ತಾನೆ, ಬೇಡವೆಂದು ಫೋನ್ ಮಾಡಿದರು. ಮಾಲ್ಸುನ್ ಅಜ್ಜಿಗೆ ಯಾರೂ ಇಲ್ಲ. ಫೋನೂ ಬೇಕಾಗಲಿಲ್ಲ.

ಜೂನ್ ೪

ಇಬ್ಬರಿಗೂ ಕತ್ತಿನಿಂದ ಕಾಲ ಬೆರಳಿನವರೆಗೆ ಮುಲಾಮು. ಬಟ್ಟೆಯೆಲ್ಲ ಬಿಸಿನೀರಿಗೆ, ಆಮೇಲೆ ಡ್ರೈಯರ್‌ಗೆ. ಒಗೆಯಲಾಗದ್ದನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಬಿಗಿಯಾಗಿ ಕಟ್ಟಿ, ಒಂದು ವಾರ ತೆರೆಯಬೇಡಿ ಎಂದರು ನರ್ಸ್. ಮನುಷ್ಯರ ಮೈ ಸಿಗದಿದ್ದರೆ ಹುಳು ಸಾಯುತ್ತದಂತೆ. ಎಲ್ಲರೂ ತಲೆಯಾಡಿಸಿದರು. ನಾನೂ.

ಒಗೆಯಲಾಗದ್ದು ಒಂದೇ ಇತ್ತು, ಜೊಮ್ರೇ ಅಜ್ಜಿಯ ಸಾವಿನುಡುಪು. ಸೆಣಬಿನ ಬಟ್ಟೆ, ಅವಳೇ ನೇಯ್ದದ್ದು. ಅಧಿಕ ಮಾಸದಲ್ಲಿ ಕೂತು ಹೊಲಿದದ್ದು. ಹಾಗೆ ಹೊಲಿದಿಟ್ಟರೆ ಆಯುಷ್ಯ ಬೆಳೆಯುತ್ತದಲ್ಲ. ಮಡಚಿ ತಲೆದಿಂಬು ಮಾಡಿಕೊಂಡಿದ್ದಾಳೆ. ಉಡುವ ದಿನಕ್ಕೆ ಮೊದಲು ಅದಕ್ಕೆ ನೀರು ತಾಗಬಾರದು. ಚೀಲಕ್ಕೆ ಹಾಕಲು ಹೇಗೋ ಒಪ್ಪಿದಳು. ಬಾಯಿ ಕಟ್ಟಲು ಹೋದಾಗ ನನ್ನ ಮಣಿಕಟ್ಟು ಹಿಡಿದಳು.

"ಗಂಟು ಹಾಕ್ಬೇಡ ಮಗಾ. ಒಂದೇ ಒಂದು ಗಂಟಿಲ್ದಂಗೆ ಹೊಲಿದೀನಿ. ಹೋಗೋ ದಾರೀಲಿ ಸಿಕ್ಕಾಕ್ಕೊಂಡ್ರೆ ನೀನ್ ಬಂದು ಬಿಡಿಸ್ತೀಯಾ?"

ಮಾಲ್ಸುನ್ ಅಜ್ಜಿ ಮಲಗಿದಲ್ಲಿಂದಲೇ ನಕ್ಕಳು. ಅವಳಿಗೆ ಸೊಂಟದ ಕೆಳಗೆ ಸ್ವಾಧೀನವಿಲ್ಲ, ಬಾಯಿ ಮಾತ್ರ ಜೋರು. "ಹಾಕೇ ಹುಡುಗಿ, ಎರಡು ಹಾಕು. ಇವಳು ಹೋಗೋದು ತಡ ಆದ್ರೆ ನಂಗೂ ಜೊತೆ ಇರುತ್ತೆ."

ಗಂಟು ಹಾಕಲಿಲ್ಲ. ಬಾಯಿ ಮಡಚಿ ಬೀರುವಿನಲ್ಲಿಟ್ಟೆ. ನರ್ಸನ್ನು ಕೇಳಬಹುದಿತ್ತು... ಬಾಯಿ ತೆರೆದರೆ ಸಾಕು, ನನ್ನ ಬಡಗಣ ಸೀಮೆಯ ರಾಗ ಬರುತ್ತದೆ, ಎಲ್ಲರೂ ತಿರುಗಿ ನೋಡುತ್ತಾರೆ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟು ಗಡಿಯ ನದಿ ದಾಟಿ ಬಂದವಳು ಎಂದು ಅವರಿಗೆಲ್ಲ ಗೊತ್ತು.

ಜೂನ್ ೫, ಬೆಳಿಗ್ಗೆ

ಪರದೆ ಸರಿಸಿದೆ. ಜೊಮ್ರೇ ಅಜ್ಜಿಯ ಹಾಸಿಗೆ ಖಾಲಿ. ಮಾಲ್ಸುನ್ ಅಜ್ಜಿಯ ಪಕ್ಕದಲ್ಲಿ ಮುದುಡಿಕೊಂಡು ಮಲಗಿದ್ದಾಳೆ. ಇಬ್ಬರ ಮೇಲೂ ಆ ಸೆಣಬಿನ ನಿಲುವಂಗಿ.

"ಇವಳಿಗೆ ಚಳಿ ಆಗ್ತಿತ್ತು," ಎಂದಳು ಜೊಮ್ರೇ ಅಜ್ಜಿ. " ಇವಳಿಗೆ ಇಂಥದ್ದು ಹೊಲಿಯೋರು ಯಾರಿದಾರೆ? ಒಂದಿನ ಹೊದ್ಕೊಳ್ಲಿ ಅಂತ."

ಮತ್ತೆ ಮಡಚಿ ಚೀಲಕ್ಕೆ ಹಾಕಿದೆ. ಬಾಯಿ ಮತ್ತೆ ಮಡಚಿದೆ, ಅಷ್ಟೇ. ಯಾರಿಗೂ ಹೇಳಲಿಲ್ಲ. ಒಂದು ರಾತ್ರಿ ತಾನೇ.

ಜೂನ್ ೧೩

ಗುಳ್ಳೆ ಒಣಗಿವೆ. ಬೋರ್ಡು ತೆಗೆದರು. ಮಗ ಕಲ್ಲಂಗಡಿ ತಂದಿದ್ದ. ಉಡುಪು ಮತ್ತೆ ತಲೆದಿಂಬಾಯಿತು. ಎಲ್ಲರೂ ಚೆನ್ನಾಗಿ ಕೆಲಸ ಮಾಡಿದಿರಿ ಎಂದರು ನರ್ಸ್. ನನ್ನ ಕಡೆಗೂ ನೋಡಿ.

ಜುಲೈ ೯

ಬರೆಯಲು ಮನಸ್ಸಿರಲಿಲ್ಲ ಇಷ್ಟು ದಿನ.

ಮಾಲ್ಸುನ್ ಅಜ್ಜಿಯ ಬೆನ್ನು, ಕತ್ತು ಮರದ ತೊಗಟೆಯ ಹಾಗಾಗಿವೆ. ಬೂದುಬಣ್ಣದ ಹೊಪ್ಪಳೆ, ನಡುನಡುವೆ ಬಿರುಕು, ಬಿರುಕಿನಲ್ಲಿ ಕೀವು. ಬೆವರುಸಾಲೆ ಎಂದುಕೊಂಡು ಪುಡಿ ಹಾಕುತ್ತಿದ್ದೆವು. ತುರಿಕೆಯೇ ಇಲ್ಲವಲ್ಲ ಎನ್ನುತ್ತಿದ್ದಳು. ಮೈಯಲ್ಲಿ ಕಸುವಿಲ್ಲದವರಿಗೆ ಹುಳುಕಜ್ಜಿ ಹೀಗೂ ಬರುತ್ತದಂತೆ, ಸಾವಿರಗಟ್ಟಲೆ ಹುಳು. ಜೊಮ್ರೇ ಅಜ್ಜಿಯ ಬೆರಳಲ್ಲೂ ಮತ್ತೆ ಗುಳ್ಳೆ.

ನರ್ಸ್ ಎಲ್ಲರನ್ನೂ ಸೇರಿಸಿ ಕೇಳಿದರು — ಅವತ್ತು ಯಾವುದು ಉಳಿದುಹೋಯಿತು? ಯಾವ ಬಟ್ಟೆ? ನೆಲ ನೋಡುತ್ತಾ ನಿಂತೆ. ನೆಲ ಒರೆಸಿದ ಔಷಧಿಯ ವಾಸನೆ.

ಜುಲೈ ೧೪

ಮಾಲ್ಸುನ್ ಅಜ್ಜಿಗೆ ಜ್ವರ. ಗಂಜಿಯೂ ಇಳಿಯುತ್ತಿಲ್ಲ. ಆಸ್ಪತ್ರೆಗೆ ಬರಲ್ಲ ಎಂದು ಮಂಚದ ಸರಳು ಹಿಡಿದುಕೊಂಡಳಂತೆ. ಡಾಕ್ಟರ್ ಬಂದು ಡ್ರಿಪ್ ಹಾಕಿದರು. ಕೀವು ರಕ್ತಕ್ಕೆ ಸೇರಿದೆ ಎಂದರು.

ಬಟ್ಟೆ ಒಗೆಯುವ ಕೋಣೆಯಲ್ಲಿ ಪ್ಯೋ ನರ್ಸ್ ಒಬ್ಬರೇ ಸಿಕ್ಕರು. ಹೇಳಿದೆ. ಎಲ್ಲ. ಯಂತ್ರದ ಸದ್ದಿಗೆ ಎರಡು ಸಲ ಹೇಳಬೇಕಾಯಿತು.

"ಗಂಟೇ ಯಾಕೆ ಬೇಕಿತ್ತು ಕುಮ್‌ಸಿಲ್? ಟೇಪ್ ಅಂಟಿಸಿದ್ರೆ ಆಗ್ತಿತ್ತಲ್ಲ. ಒಂದು ಮಾತು ಕೇಳೋದಲ್ವಾ?"

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಉಡುಪನ್ನು ಚೀಲಕ್ಕೆ ಹಾಕಿ ಬಾಯಿಗೆ ಟೇಪ್ ಅಂಟಿಸಿದೆವು. ಜೊಮ್ರೇ ಅಜ್ಜಿ ಬೆರಳಿಂದ ಸವರಿ ನೋಡಿದಳು. ಗಂಟಿಲ್ಲ. ಸುಮ್ಮನಾದಳು. ಅಷ್ಟೇ ಸಾಕಾಗಿತ್ತು ಅವಳಿಗೆ... ಅವತ್ತೂ.

ಜುಲೈ ೧೭

ಬೆಳಗಿನ ಬಾರ್ಲಿ ನೀರು ತೆಗೆದುಕೊಂಡು ಹೋದೆ. ಮಾಲ್ಸುನ್ ಅಜ್ಜಿ ಹೋಗಿಬಿಟ್ಟಿದ್ದಳು.

ಯಾರೂ ಇಲ್ಲದವರನ್ನು ಪುರಸಭೆಯವರು ಬಂದು ಒಯ್ಯುತ್ತಾರೆ. ಹೆಣಕ್ಕೆ ಉಡಿಸಲು ಅವರ ಹತ್ತಿರ ಕಾಗದದಂಥ ಒಂದು ಬಟ್ಟೆ ಇರುತ್ತದೆ. ಜೊಮ್ರೇ ಅಜ್ಜಿ ಅದನ್ನು ಕೇಳಿ ಗೋಡೆ ಹಿಡಿದು ಎದ್ದಳು.

"ಟೇಪ್ ಕೀಳು. ನಂದು ಅವಳಿಗೆ ಉಡಿಸು."

ವಾರ ಆಗಿಲ್ಲ. ನರ್ಸ್ ಕಡೆ ನೋಡಿದೆ. ಈ ಸಲ ಬಾಯಿಬಿಟ್ಟು ಕೇಳಿದೆ, ತೆರೆಯಬಹುದಾ ಮೇಡಂ ಎಂದು. ಅವಳಿಗೆ ಇನ್ನೇನೂ ತಾಗಲ್ಲ, ನೀನು ಗ್ಲೌಸ್ ಹಾಕ್ಕೋ ಎಂದರು.

ಇಬ್ಬರೂ ಸೇರಿ ಉಡಿಸಿದೆವು. ಜೊಮ್ರೇ ಅಜ್ಜಿಯನ್ನು ಬಾಗಿಲಾಚೆ ಕುರ್ಚಿಯಲ್ಲಿ ಕೂರಿಸಿದ್ದೆವು. ಅಲ್ಲಿಂದಲೇ ಹೇಳಿಕೊಡುತ್ತಿದ್ದಳು — ಸೊಂಟದ ಪಟ್ಟಿ ಕಟ್ಟಬೇಡಿ, ಹೊಸೆದು ಒಳಗೆ ಸಿಕ್ಕಿಸಿ. ನಿಲುವಂಗಿಯ ತೋಳು ಉದ್ದವಾಯಿತು. ಮಾಲ್ಸುನ್ ಅಜ್ಜಿ ಅಷ್ಟು ಚಿಕ್ಕವಳು ಎಂದು ಮಲಗಿದ್ದಾಗ ಗೊತ್ತಾಗಿರಲಿಲ್ಲ. ಜೋಲಾಗಿ ಇಳಿಬಿದ್ದ ತೋಳಿನಲ್ಲಿ ಅವಳ ಕೈ ಕಾಣಲೇ ಇಲ್ಲ.

ಜುಲೈ ೨೧

ಖಾಲಿ ಮಂಚ ಹೊರಗೆ ಒಯ್ದು ಒರೆಸಿದೆ. ಜೊಮ್ರೇ ಅಜ್ಜಿಗೆ ಟವೆಲ್ ಸುತ್ತಿ ದಿಂಬು ಮಾಡಿಕೊಟ್ಟಿದ್ದೇನೆ. ಅದರ ಮೇಲೆ ತಲೆ ಇಡುವುದಿಲ್ಲ.

ಮಧ್ಯಾಹ್ನ ಸೂಜಿ ಕೇಳಿದಳು. ಮಗ ಹೊಸ ಸೆಣಬಿನ ತುಂಡು ಕಳಿಸಿದ್ದಾನೆ. ಅಧಿಕ ಮಾಸಕ್ಕೆ ಕಾಯಲು ಪುರುಸೊತ್ತಿಲ್ಲ ಎಂದಳು. ದಾರ ಪೋಣಿಸಿದೆ. ಅಭ್ಯಾಸಬಲ, ಕೊನೆಗೆ ಗಂಟು ಹಾಕಿಬಿಟ್ಟೆ. ಅವಳು ನೋಡಿದಳು. ಬೈಯಲಿಲ್ಲ. ದಾರವನ್ನು ಬೆರಳಿಗೆ ಸುತ್ತುತ್ತಾ ಕೂತಳು.

"ಮಗಾ, ಅವಳಿಗೆ ಅದು ಎಲ್ಲಿಂದ ತಾಗಿತಂತೆ? ನರ್ಸು ಏನೂ ಹೇಳಲ್ಲ. ನೀನು ಸುಳ್ಳು ಹೇಳೋಳಲ್ಲ, ನೀ ಹೇಳು."

ಅವಳ ಬೆರಳ ಸಂದಿಯಲ್ಲಿ ಮುಲಾಮಿನ ಬಿಳುಪು ಇನ್ನೂ ಇತ್ತು. ಆ ಬೆರಳುಗಳನ್ನೇ ನೋಡಿದೆ. ಇನ್ನೊಂದು ಗಂಟು ನನ್ನೊಳಗೇ ಉಳಿಯಬಾರದು ಅಂತ —

ಹೇಳಿದೆ, "ಅಜ್ಜಿ, ಅವತ್ತು ಆ ಚೀಲದ ಬಾಯಿ ನಾನು ಸರಿಯಾಗಿ ಮುಚ್ಚಿರ್ಲಿಲ್ಲ, ಹುಳು ಆ ಉಡುಪಲ್ಲೇ ಇತ್ತು."