ನಿಂತದ್ದು ಕಾಲು, ನಾನಲ್ಲ

೧೧ ಆಗಸ್ಟ್, ಸೋಮವಾರ, ಬೆಳಿಗ್ಗೆ ೮

ಸುತ್ತ ನೆರೆದವರಿಗೆ ಮೊದಲು ಧನ್ಯವಾದ ಹೇಳಿದೆ. ಅನಂತರ ಅವರ ಅನುಕಂಪವನ್ನು ನಿರಾಕರಿಸಿದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತ ಕ್ರಮ. ಇಂದೂ ವಾಕಿಂಗ್ ನಡುವೆ ಎಡಗಾಲಿನ ಮೀನಖಂಡ ಹಿಡಿದುಕೊಂಡದ್ದು ಮಗ ಚನ್ನವೀರೇಶನ ಕನ್ನಡಕದ ಅಂಗಡಿಯೆದುರಿಗೇ. ಅವನು ತೀರಿಕೊಂಡು ವರ್ಷವಾಯಿತು. ಶಟರ್ ಇಳಿದೇ ಇದೆ. ಕುರುಬರಹಳ್ಳಿ ಕಡೆಯಿಂದ ಬರುವ ಏರು ಮುಗಿಯುವುದು ಅಲ್ಲಿ. ಆದ್ದರಿಂದ ದಿನವೂ ಅಲ್ಲೇ ನಿಲ್ಲುತ್ತೇನೆ.

"ನಿಂತದ್ದು ಕಾಲುನೋವಿಗೆ. ದುಃಖಕ್ಕಲ್ಲ," ಎಂದೆ.

"ಹಂಗೇ ಅಂತಾರೆ, ಪಾಪ," ಎಂದರು ಹೂ ಮಾರುವ ಲಕ್ಷ್ಮಿದೇವಮ್ಮ.

ಟೀ ಅಂಗಡಿಯ ಮಹೇಶ್ ಸಿಗರೇಟು ತಂದುಕೊಟ್ಟ. "ಒಂದ್ ದಮ್ ಎಳೀರಿ ಸಾರ್, ಮನ್ಸು ಹಗುರಾಗತ್ತೆ."

ಅದನ್ನು ಮಾತ್ರ ನಿರಾಕರಿಸಲಿಲ್ಲ.

೧೪ ಆಗಸ್ಟ್, ಗುರುವಾರ

ಡಾ. ಧನ್ಯಶ್ರೀ. ವಯಸ್ಸು ಚಿಕ್ಕದು, ಮಾತು ನೇರ. ತೋಳಿನಲ್ಲಿ ಬಿ.ಪಿ. ನೋಡಿ, ಕಣಕಾಲಿನಲ್ಲೂ ನೋಡಿದರು. ಆಮೇಲೆ ಸ್ಕ್ಯಾನ್. ಕಾಲಿನ ರಕ್ತನಾಳ ಕಿರಿದಾಗಿದೆ. ನಡೆಯುವಾಗ ಮೀನಖಂಡಕ್ಕೆ ಬೇಕಾದಷ್ಟು ರಕ್ತ ಇಳಿಯುತ್ತಿಲ್ಲ.

"ಸಿಗರೇಟ್ ಬಿಡದಿದ್ರೆ ಮುಂದೆ ಕಾಲೇ ತೆಗೀಬೇಕಾಗ್ಬಹುದು ಸಾರ್."

ಮಗನನ್ನು ಕಳೆದುಕೊಂಡವನಿಗೆ ಇರುವ ಆಸರೆ ಅದೊಂದೇ ಎಂದು ವಾದಿಸಿದೆ. ವರ್ಷವಿಡೀ ಗೆದ್ದ ವಾದ.

"ಕೇಳಿ ಬೇಜಾರಾಗತ್ತೆ ಸಾರ್. ಆದ್ರೆ ನಿಮ್ ಕಾಲಿಗೆ ಅದೆಲ್ಲ ಗೊತ್ತಾಗಲ್ವಲ್ಲ."

ಕೊನೆಗೂ ಒಬ್ಬ ಪ್ರತಿವಾದಿ... ಸೋತು, ಸಂತೋಷದಿಂದ ಮನೆಗೆ ಬಂದೆ. ಮಾತ್ರೆಗಳಿವೆ. ನೋವು ಬರುವವರೆಗೆ ನಡೆಯಬೇಕು, ನಿಲ್ಲಬೇಕು, ಇಳಿದ ಮೇಲೆ ಮತ್ತೆ ನಡೆಯಬೇಕು.

೧೫ ಆಗಸ್ಟ್

"ಸೇದ್ಲಿ ಬಿಡಿ, ಯಾರೂ ಏನೂ ಅನ್ಬೇಡಿ" ಎಂದು ಮಹೇಶನಿಗೂ ಬಂಧುಗಳಿಗೂ ಹೇಳಿಟ್ಟವಳು ನನ್ನ ಹೆಂಡತಿಯೇ! ಇಂದು ತಾನಾಗಿ ಒಪ್ಪಿಕೊಂಡಳು.

"ಇನ್ನು ಕನಿಕರ ಬೇಡ, ಕಮಲಾಕ್ಷಿ," ಎಂದೆ.

"ಬೈಲಾ ಹಂಗಾದ್ರೆ?"

"ಬೈ."

"ಪರದೆ ಎಲ್ಲಾ ಹೊಗೆ ನಾತ ಕಣ್ರೀ! ಸೇದಿದ್ದನ್ನ ದಾಸವಾಳದ ಕುಂಡದಲ್ಲಿ ಚುಚ್ಚಿಡ್ತೀರಲ್ಲ, ಅದೇನ್ ಊದಿನಕಡ್ಡೀನಾ?"

ಊಟದವರೆಗೂ ನಿಲ್ಲಿಸಲಿಲ್ಲ. ವರ್ಷದ ನಂತರ ಮನೆಯಲ್ಲಿ ಏರಿದ ದನಿ. ಇಬ್ಬರೂ ಹೊಟ್ಟೆ ತುಂಬ ಉಂಡೆವು.

೩ ಸೆಪ್ಟೆಂಬರ್

ಒಂದು ಸೇದಿದೆ. ಮನೆಯಲ್ಲಿ ಹೇಳಿದೆ. ಬೈಸಿಕೊಂಡೆ. ಸೊಗಸಾಗಿ ಬೈಯುತ್ತಾಳೆ.

೨೩ ನವೆಂಬರ್, ಭಾನುವಾರ

ಸಿಗರೇಟಿನ ಮಾತಿಲ್ಲ. ಕಾಲೂ ಹಿಡಿಯಲಿಲ್ಲ.

"ಏನ್ ಸಾರ್, ಇವತ್ತು ಎಕ್ಸ್‌ಪ್ರೆಸ್ಸಾ? ಸ್ಟಾಪೇ ಇಲ್ಲ!"

ಹಿಂದಿನಿಂದ ಮಹೇಶ್ ಕೂಗಿದಾಗ ತಿಳಿಯಿತು: ಅಂಗಡಿ ದಾಟಿದ್ದೇನೆ. ಬೋರ್ಡಿನ ಮೇಲಿನ ಮಗನ ಹೆಸರನ್ನೂ ನೋಡದೆ.

ನಕ್ಕು ಕೈ ಬೀಸಿದೆ. ಪಾರ್ಕಿನ ಬೆಂಚಿನ ಮೇಲೆ ಬಹಳ ಹೊತ್ತು ಕುಳಿತೆ. ಇಷ್ಟು ದಿನ ನೋವೇ ನನ್ನನ್ನು ಅವನೆದುರು ನಿಲ್ಲಿಸುತ್ತಿತ್ತು. ಈಗ ಆ ನೆಪವೂ ಇಲ್ಲ.

ನಿರ್ಧರಿಸಿದ್ದೇನೆ. ಯಾರನ್ನೂ ಕೇಳಿಲ್ಲ, ಕಮಲಾಕ್ಷಿಯನ್ನೂ. ನಾಳೆಯಿಂದ ಕಾಲು ನೋಯದಿದ್ದರೂ ಅಲ್ಲಿ ನಿಲ್ಲುತ್ತೇನೆ. ಲಕ್ಷ್ಮಿದೇವಮ್ಮ ಪಾಪ ಎನ್ನಲಿ. ಇನ್ನು ನಾನದನ್ನು ಖಂಡಿಸುವುದಿಲ್ಲ.